ಎರೆಯ ಕಪ್ಪು, ಬೀಳಿನ ಬೇರು

ಎರೆ ಮಣ್ಣು ಕಪ್ಪಗಿದೆ, ಹಾಗಾಗಿ ಅದರಲ್ಲಿ ಸಾವಯವ ಅಂಶ ಧಾರಾಳ ಎನ್ನುವವರು ಹಡಗಲಿ, ಕೊಟ್ಟೂರು ಸೀಮೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಆ ಕಪ್ಪಿಗೆ ಕಾರಣ ಖನಿಜಗಳು ಮತ್ತು ಜೇಡಿಗೆ ಬಿಗಿಯಾಗಿ ಅಂಟಿಕೊಂಡ ತುಸುವೇ ಹ್ಯೂಮಸ್. ಒಣಬೇಸಾಯದ ಎರೆ ಹೊಲಗಳಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇ 1ನ್ನೂ ಮುಟ್ಟುವುದಿಲ್ಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಅದು ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.75 ದಾಟಿದರೆ ‘ಹೆಚ್ಚು’. ಎರೆಯ ದೊಡ್ಡ ಗುಣ ನೀರು ಹಿಡಿದಿಡುವುದು. ಹಿಂಗಾರಿ ಜೋಳ, ಕಡಲೆ ಬರುವುದು ಆ ತೇವದ ಮೇಲೆ.

ಇದಕ್ಕಿಂತ ದುಬಾರಿ ತಪ್ಪು ತಿಳಿವಳಿಕೆ ಬೀಳಿನದು. ಹುಲ್ಲು, ತಂಗಡಿ, ಬಂದರಿಕೆ, ಕಾರೆ ಬೆಳೆದ ಮಡ್ಡಿಯನ್ನು ಕಡತಗಳು ಖರಾಬು ಎನ್ನುತ್ತವೆ. ಟ್ರ್ಯಾಕ್ಟರ್ ಹೊಡೆಸಿ ಮೆಕ್ಕೆಜೋಳ ಹಾಕಿದರೆ ಭೂಮಿ ಉದ್ಧಾರವಾಯಿತು ಎನ್ನುತ್ತೇವೆ. ಕಣ್ಣಿಗೂ ಹಾಗೇ ಕಾಣುತ್ತದೆ, ಹೊಸದಾಗಿ ಒಡೆದ ಹೊಲ ಮೊದಮೊದಲು ಚೆನ್ನಾಗಿಯೇ ಬೆಳೆಯುತ್ತದೆ. ಆ ಫಸಲು ಬರುವುದು ಅಸಲು ಕರಗಿಸಿ. ಹುಲ್ಲಿನ ಬೇರುಗಳು ವರ್ಷಗಟ್ಟಲೆ ಕೂಡಿಟ್ಟ ಇಂಗಾಲಕ್ಕೆ ಉಳುಮೆಯಿಂದ ಗಾಳಿ ತಗಲುತ್ತದೆ, ಸೂಕ್ಷ್ಮಜೀವಿಗಳು ಅದನ್ನು ತಿಂದು ತೀರಿಸುತ್ತವೆ, ಅದರೊಳಗಿದ್ದ ಸಾರಜನಕ ಬೆಳೆಗೆ ಸಿಗುತ್ತದೆ. ಇಂಗಾಲ ಮಾತ್ರ ಗಾಳಿಪಾಲು. ಜಗತ್ತಿನ ನಾನಾ ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಸಂಶೋಧಕರಾದ ಗುವೊ ಮತ್ತು ಗಿಫರ್ಡ್ 2002ರಲ್ಲಿ ಲೆಕ್ಕ ಕೊಟ್ಟರು: ಹುಲ್ಲುಗಾವಲು ಹೊಲವಾದಾಗ ಮಣ್ಣಿನ ಇಂಗಾಲ ಸರಾಸರಿ ಶೇ 59ರಷ್ಟು ಇಳಿದಿತ್ತು, ಕಾಡು ಹೊಲವಾದಾಗ ಶೇ 42ರಷ್ಟು. ಮಡ್ಡಿಯ ನಷ್ಟ ಇಷ್ಟೇ ಎಂದು ಇದರಿಂದ ಹೇಳಲಾಗದು, ದಿಕ್ಕು ಮಾತ್ರ ಸ್ಪಷ್ಟ.

ನಂಬಿಕೆ ಬಾರದಿದ್ದರೆ ಉಳದ ಬದುವಿನಿಂದ ಒಂದು ಒಣ ಹೆಂಟೆ, ಹೊಲದ ನಡುವಿನಿಂದ ಇನ್ನೊಂದು ತಂದು ಎರಡು ಗಾಜಿನ ಲೋಟದ ನೀರಿಗೆ ಬಿಡಿ. ಹೊಲದ್ದು ಸಾಮಾನ್ಯವಾಗಿ ಬೇಗ ಪುಡಿಯಾಗಿ ನೀರು ಕದಡುತ್ತದೆ. ಬದುವಿನದು ಬಹಳ ಹೊತ್ತು ಆಕಾರ ಉಳಿಸಿಕೊಳ್ಳುತ್ತದೆ, ಕಣಗಳನ್ನು ಹಿಡಿದಿಡುವ ಬೇರು, ಶಿಲೀಂಧ್ರದ ಎಳೆ, ಅಂಟು ಅದರಲ್ಲಿ ಇನ್ನೂ ಉಳಿದಿರುತ್ತವೆ.

ಬೀಳಿಗೆ ಗಿಡ ನೆಟ್ಟರಾಯಿತಲ್ಲ ಎಂಬ ವಾದವೂ ಉಂಟು. ಗುವೊ, ಗಿಫರ್ಡ್ ಅವರ ಅದೇ ಲೆಕ್ಕದಲ್ಲಿ ಹುಲ್ಲುಗಾವಲು ನೆಡುತೋಪಾದಾಗಲೂ ಮಣ್ಣಿನ ಇಂಗಾಲ ಶೇ 10ರಷ್ಟು ಕುಸಿದಿತ್ತು. ಅಂಥ ತೋಪುಗಳ ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದ್ದು ಅಂತರ್ಜಲದ ಚಿಂತೆಯಿಂದ. ಇನ್ನು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮಕ್ಕೆ ಬನ್ನಿ. ಕರಡಿಗೆ ಬೇಕಾದ ಬಂಡೆ, ಗೆದ್ದಲು, ಕಾರೆ-ಬೋರೆ ಹಣ್ಣು ಇರುವುದು ಕುರುಚಲಿನಲ್ಲಿ. ಸಾಲು ನೀಲಗಿರಿಯಲ್ಲಿ ಅದಕ್ಕೇನು ಕೆಲಸ?

ಕಳೆದದ್ದನ್ನು ಯೂರಿಯಾ ತುಂಬಿಕೊಡುತ್ತದೆ ಎಂಬುದು ಅರ್ಧ ಸತ್ಯವೂ ಅಲ್ಲ. ಅದು ಕೊಡುವುದು ಸಾರಜನಕ ಒಂದನ್ನೇ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ರಾಜ್ಯದ ಒಣಭೂಮಿಯಲ್ಲಿ ಸತು, ಬೋರಾನ್, ಗಂಧಕದ ಕೊರತೆ ಎಷ್ಟು ವ್ಯಾಪಕ ಎಂದು ತೋರಿಸಿದವು. ಇಷ್ಟಾದರೂ ಮೆಕ್ಕೆಜೋಳದ ದಂಟು, ರವದಿಗೆ ಬೆಂಕಿ ಇಟ್ಟು ‘ಬೂದಿ ಗೊಬ್ಬರ ಆಯ್ತು’ ಅನ್ನುತ್ತೇವೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ ನಿಜ. ಇಂಗಾಲ, ಸಾರಜನಕ ಬಹುಪಾಲು ಹೊಗೆಯಾಗುತ್ತವೆ, ಗಂಧಕದಲ್ಲೂ ಒಂದು ಪಾಲು ಹೋಗುತ್ತದೆ. ತಿಪ್ಪೆಗೊಬ್ಬರ, ಕುರಿ ತರುಬಿಸುವುದು, ಮೆಕ್ಕೆಜೋಳದ ನಡುವೆ ತೊಗರಿ ಸಾಲು ಇವು ಇಂಗಾಲವನ್ನೂ ತರುತ್ತವೆ, ಆದರೆ ಬಲು ನಿಧಾನ.

ಉತ್ತ ಮಣ್ಣು ಮಳೆಗೆ ಕೊಚ್ಚಿಹೋಗುವಾಗ ಮೊದಲು ಹೊರಡುವುದು ನುಣುಪು ಜೇಡಿ ಮತ್ತು ಹ್ಯೂಮಸ್. 1953ರಲ್ಲಿ 133 ಟಿಎಂಸಿ ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಆ ಹೂಳಿನಲ್ಲಿ ದೊಡ್ಡ ಪಾಲು ಮೇಲಿನ ಜಲಾನಯನದ್ದು, ಹಡಗಲಿ, ಹಗರಿಬೊಮ್ಮನಹಳ್ಳಿಯ ಹೊಲಗಳದೂ ಒಂದಿಷ್ಟು ಅದರಲ್ಲಿದೆ.