ಮಣ್ಣಿನ ಮಣಿಸರ: ಮನೆಯಲ್ಲಿ ಆಭರಣ ತಯಾರಿಕೆಯ ಮೊದಲ ಪಾಠ

ಆಭರಣವೆಂದೊಡನೆ ಚಿನ್ನ ಬೆಳ್ಳಿಗಳು ನೆನಪಿಗೆ ಬರುವುದು ಸಹಜ. ಆದರೆ ಕನ್ನಡದ ಒಡವೆಗಳ ಹೆಸರುಗಳನ್ನು ಬಿಡಿಸಿ ನೋಡಿದರೆ ಹೊಲ, ತೋಟ, ಅಡುಗೆಮನೆಗಳು ಕಾಣುತ್ತವೆ. ಕಿವಿಯ ‘ಓಲೆ’ ಮೂಲತಃ ತಾಳೆಯ ಗರಿ. ಗರಿಯ ಸುರುಳಿಯನ್ನು ಕಿವಿಗೆ ತೊಡುತ್ತಿದ್ದ ಕಾಲ ಮುಗಿದ ಮೇಲೂ ಹೆಸರು ಚಿನ್ನದ ಒಡವೆಗೆ ಅಂಟಿಕೊಂಡು ಉಳಿಯಿತು. ಬೆಂಡು ಮತ್ತು ಓಲೆ ಸೇರಿ ‘ಬೆಂಡೋಲೆ’ಯಾಯಿತು, ಲೋಪಸಂಧಿಗೆ ಇದಕ್ಕಿಂತ ಹಗುರವಾದ ಉದಾಹರಣೆ ಸಿಗಲಾರದು. ಕರಾವಳಿಯ ಅವಲಕ್ಕಿ ಸರದಲ್ಲಿ ಅವಲಕ್ಕಿಯಿದೆ, ಸೊಲ್ಲಾಪುರ ಮತ್ತು ಜತ್ತ ಕಡೆಯ ಬೋರಮಾಳದಲ್ಲಿ ಬೋರೆಹಣ್ಣಿದೆ. ಕಾಸರಗೋಡಿನ ಮಗು ಮಲಯಾಳದ ‘ಓಲ’ವನ್ನೂ, ತಾಳವಾಡಿಯ ಮಗು ತಮಿಳಿನ ‘ಓಲೈ’ಯನ್ನೂ ಬಲ್ಲುದು. ಆದ್ದರಿಂದ ಈ ಪಾಠವನ್ನು ಕಾರ್ಯಾನುಭವದ ಅವಧಿಗೆ ಮೀಸಲಿಡದೆ ಕನ್ನಡ ತರಗತಿಗೂ ತರುವುದು ಲಾಭದಾಯಕ.

ಅಂಗಡಿಯಲ್ಲಿ ದೊರೆಯುವ ಪ್ಲಾಸ್ಟಿಕ್ ಮಣಿಗಳ ಪೊಟ್ಟಣದಿಂದ ಆರಂಭಿಸುವುದು ಸುಲಭ. ಆದರೆ ಅಲ್ಲಿ ಮಗುವಿಗೆ ಪೋಣಿಸುವ ಕೆಲಸವೊಂದೇ ಉಳಿಯುತ್ತದೆ. ಕೆಲಸ ಕಡಿಮೆಯಾದಷ್ಟೂ ಮಾತೂ ಕಡಿಮೆ. ಮಣ್ಣಿನಿಂದ ಆರಂಭಿಸಿದರೆ ಖರ್ಚಿಲ್ಲ, ಒಣಗುವ ಮೊದಲು ಕೆಟ್ಟ ಮಣಿಯನ್ನು ಮತ್ತೆ ಮುದ್ದೆ ಮಾಡಬಹುದು, ಹೇಳಲು ಬೇಕಾದ ಕ್ರಿಯಾಪದಗಳೂ ಹತ್ತಾರು.

ಮಣ್ಣನ್ನು ಆರಿಸುವುದೇ ಮೊದಲ ಕೆಲಸ. ಇಲ್ಲಿ ಊರಿಂದೂರಿಗೆ ವ್ಯತ್ಯಾಸವಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಎರೆಮಣ್ಣು ಬೆಣ್ಣೆಯಂತೆ ನುಣುಪಾಗಿದ್ದರೂ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಬಹಳವಾಗಿ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಹೊಲವನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಮಣ್ಣಿಗೆ ಐದು ಪಾಲಿಗೆ ಒಂದು ಪಾಲಿನಂತೆ ಜರಡಿ ಹಿಡಿದ ಸಣ್ಣ ಮರಳನ್ನು ಬೆರೆಸಿ ನೋಡಬೇಕು. ಎರೆಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳುಗಳೂ ಇರುತ್ತವೆ. ಅವು ಉಳಿದುಬಿಟ್ಟರೆ, ಸುಟ್ಟ ಮಣಿ ಚೆನ್ನಾಗಿಯೇ ಹೊರಬಂದು, ಕೆಲವು ದಿನಗಳ ಮೇಲೆ ಗಾಳಿಯ ತೇವ ಹೀರಿದ ಸುಣ್ಣ ಅರಳಿ, ಮಣಿಯ ಮೈ ಸಿಡಿಯುತ್ತದೆ. ಮಡಕಶಿರಾ, ರಾಯದುರ್ಗಗಳ ಕೆಂಪುನೆಲದಲ್ಲಿ ಮರಳಿನಂಶ ಹೆಚ್ಚು. ಅಲ್ಲಿ ಹೊಲದ ಮಣ್ಣಿಗಿಂತ ಕೆರೆಯ ಹೂಳು ಮೇಲು. ಕಾಸರಗೋಡಿನ ಮುರಕಲ್ಲಿನ ಮಣ್ಣು ತರಿತರಿಯಾಗಿರುವುದರಿಂದ ಗದ್ದೆಯ ಜೇಡಿಮಣ್ಣನ್ನು ಹುಡುಕಬೇಕು.

ಯಾವ ಮಣ್ಣೇ ಆಗಲಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಕದಡಿ, ತೆಳುಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತ ಮೇಲೆ ತಿಳಿನೀರನ್ನು ಬಸಿಯಬೇಕು. ಉಳಿದ ಕೆಸರು ರೊಟ್ಟಿಯ ಹಿಟ್ಟಿನ ಹದಕ್ಕೆ ಬಂದಾಗ ಚೆನ್ನಾಗಿ ನಾದಬೇಕು. ಹದ ತಿಳಿಯಲು ಸರಳ ಪರೀಕ್ಷೆಯಿದೆ: ಪೆನ್ಸಿಲ್ ದಪ್ಪದ ಬತ್ತಿಯನ್ನು ಹೊಸೆದು ಬೆರಳಿಗೆ ಸುತ್ತಬೇಕು. ಬಿರುಕು ಬಿಡದೆ ಸುತ್ತಿಕೊಂಡರೆ ಮಣ್ಣು ಸಿದ್ಧ.

ಮಣಿಯನ್ನು ಅಂಗೈಗಳ ನಡುವೆ ಉರುಟಿಸಿ ಗುಂಡು ಮಾಡಿ, ಅರ್ಧ ತಾಸು ಬಿಟ್ಟು ತೂತು ಮಾಡಬೇಕು. ತೂತಿಗೆ ತೆಂಗಿನ ಪೊರಕೆಯ ಕಡ್ಡಿ ಸಾಕು. ಈ ಪೊರಕೆ ಕಾಸರಗೋಡಿನಲ್ಲಿ ಹಿಡಿಸೂಡಿ; ಬಡಗಣ ಗಡಿಯಲ್ಲಿ ಪೊರಕೆಗೆ ಕಸಬರಿಗೆ ಎಂಬ ಹೆಸರು. ಮಗು ಹೇಳುವ ಹೆಸರನ್ನೇ ಕಪ್ಪುಹಲಗೆಯ ಮೇಲೆ ಬರೆಯಲಿ. ಕಡ್ಡಿಯನ್ನು ಒಂದೇ ಬದಿಯಿಂದ ಪೂರ್ತಿ ತೂರಿಸಿದರೆ ಇನ್ನೊಂದು ಬದಿಯಲ್ಲಿ ಮಣ್ಣು ಒಡೆದು ಅಂಚು ಏಳುತ್ತದೆ. ಅರ್ಧಕ್ಕೆ ಚುಚ್ಚಿ, ಮಣಿಯನ್ನು ತಿರುಗಿಸಿ, ಎದುರಿನಿಂದ ಚುಚ್ಚುವುದು ಲೇಸು. ಕಡ್ಡಿಯನ್ನು ಮಣಿಯೊಳಗೇ ಬಿಟ್ಟು ಒಣಗಿಸಬಾರದು. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಮಣಿ ಸೀಳುತ್ತದೆ.

ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗೆ ಇಟ್ಟರೆ ಹೊರಮೈ ಮೊದಲು ಕುಗ್ಗಿ ಒಳಗಿನ ಹಸಿಭಾಗದ ಮೇಲೆ ಬಿರಿಯುತ್ತದೆ. ಚರ್ಮದಷ್ಟು ಗಟ್ಟಿಯಾದ ಹಂತದಲ್ಲಿ ಹೊಳೆಯ ನುಣುಪುಗಲ್ಲಿನಿಂದ ಉಜ್ಜಿದರೆ ಬಣ್ಣವಿಲ್ಲದೆಯೇ ಹೊಳಪು ಬರುತ್ತದೆ. ಮೂರು ನಾಲ್ಕು ದಿನಗಳ ನಂತರ ಮಣಿಯನ್ನು ಕೆನ್ನೆಗೆ ಒತ್ತಿ ನೋಡಬೇಕು. ತಣ್ಣಗೆನಿಸಿದರೆ ಒಳಗೆ ಇನ್ನೂ ತೇವವಿದೆ. ತೇವವಿರುವ ಮಣಿಯನ್ನು ಬೆಂಕಿಗೆ ಕೊಟ್ಟರೆ ನೀರು ಉಗಿಯಾಗಿ ಮಣಿಯನ್ನು ಸಿಡಿಸುತ್ತದೆ.

ಸುಡುವ ಕೆಲಸವನ್ನು ಮಕ್ಕಳ ಕೈಗೆ ಕೊಡಬಾರದು, ಅಡುಗೆಮನೆಯ ಒಲೆಯಲ್ಲಿ ಅದು ಆಗುವಂಥದ್ದೂ ಅಲ್ಲ. ಮಣ್ಣು ಮತ್ತೆ ನೀರಿನಲ್ಲಿ ಕರಗದಂತಾಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಕಾವು ಬೇಕು. ಮನೆಬಳಕೆಯ ಓವನ್ 250 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹತ್ತಿರದಲ್ಲಿ ಕುಂಬಾರರ ಆವಿಗೆಯಿದ್ದರೆ ಮಣಿಗಳನ್ನು ಒಂದು ಕುಡಿಕೆಯಲ್ಲಿ ತುಂಬಿ ಕೊಟ್ಟರಾಯಿತು. ಮಡಕೆಗಳ ನಡುವೆ ಅದೂ ಬೇಯುತ್ತದೆ. ಗಾಳಿಯಾಡಿದ ಕಡೆ ಮಣಿ ಕೆಂಪಾಗುತ್ತದೆ, ಹೊಗೆ ಮುಚ್ಚಿದ ಕಡೆ ಕಪ್ಪಾಗುತ್ತದೆ. ತರಗತಿಯಲ್ಲಿ ಕುಂಬಾರ ಮನೆತನದ ಮಗುವಿದ್ದರೆ ಈ ಘಟ್ಟದಲ್ಲಿ ಪಾಠದ ಪಾತ್ರಗಳು ಅದಲುಬದಲಾಗುತ್ತವೆ. ಓದುವಾಗ ತಡವರಿಸುವ ಆ ಮಗು ಹದ, ಆವಿಗೆ, ಕಾವುಗಳ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಬಲ್ಲುದಾಗಿರಬಹುದು. ಅದರ ತಂದೆತಾಯಿಯರನ್ನು ತರಗತಿಗೆ ಕರೆದು, ಅವರ ಮಾತನ್ನು ಆ ಮಗುವಿನಿಂದಲೇ ಕನ್ನಡದಲ್ಲಿ ಬರೆಯಿಸಬೇಕು. ಅವರು ಮನೆಯಲ್ಲಿ ತೆಲುಗನ್ನೋ ಮರಾಠಿಯನ್ನೋ ಆಡುವವರಾದರೂ ಚಿಂತೆಯಿಲ್ಲ. ಬೆಂಕಿಯ ಸೌಕರ್ಯವೇ ಇಲ್ಲದ ಊರಿನಲ್ಲಿ ಒಣಮಣಿಗೆ ಬಣ್ಣ ಬಳಿದು ಸರ ಮಾಡಬಹುದು. ಆದರೆ ಬೆವರಿಗೂ ಮಳೆಗೂ ಅದು ಬಾಳದೆಂದು ಮೊದಲೇ ತಿಳಿಸಬೇಕು.

ಬೀಜಗಳ ಸರದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕೆಂಪು ಮೈಗೆ ಕಪ್ಪು ಬೊಟ್ಟಿಟ್ಟ ಗುಲಗಂಜಿ ಮಕ್ಕಳ ಕಣ್ಣನ್ನು ಬಹುಬೇಗ ಸೆಳೆಯುತ್ತದೆ. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಬೀಜವದು; ಒಂದರ ತೂಕ ಸುಮಾರು 0.12 ಗ್ರಾಂ. ಆ ಮಾಹಿತಿಯನ್ನು ಗಣಿತ ಪಾಠಕ್ಕೆ ಬಳಸಿಕೊಳ್ಳಲಿ, ಬೀಜವನ್ನು ಮಾತ್ರ ತರಗತಿಗೆ ತರಬಾರದು. ಅದರೊಳಗಿನ ಅಬ್ರಿನ್ ಘೋರ ವಿಷ. ಗಟ್ಟಿ ಸಿಪ್ಪೆ ಇಡಿಯಾಗಿರುವಾಗ ವಿಷ ಒಳಗೇ ಉಳಿಯುತ್ತದೆ, ಪೋಣಿಸಲು ತೂತು ಕೊರೆದ ಕ್ಷಣ ಆ ಕಾವಲು ಹೋಗುತ್ತದೆ. ಔಡಲ ಬೀಜವೂ ವಿಷವೇ. ಸೀತಾಫಲದ ಬೀಜವನ್ನು ಕೊರೆದಾಗ ಬರುವ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೆ ಗಾಯವಾಗುತ್ತದೆ. ಮನೆಯಲ್ಲಿ ಎಳೆಯ ತಮ್ಮತಂಗಿಯರಿದ್ದರೆ ಯಾವ ಮಣಿಯೂ ನೆಲದ ಮೇಲೆ ಉಳಿಯಬಾರದು. ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಪೋಣಿಸುವ ಮೊದಲು ಲೆಕ್ಕ. ಹಸಿಯಿದ್ದಾಗ 10 ಮಿ.ಮೀ. ಇದ್ದ ಮಣಿ ಒಣಗಿ ಬೆಂದು 9 ಮಿ.ಮೀ. ಆಗಿದ್ದರೆ, 45 ಸೆಂ.ಮೀ. ಸರಕ್ಕೆ ಎಷ್ಟು ಮಣಿ ಬೇಕು? ಐವತ್ತು. ಸುಡುವಾಗ ಒಡೆಯುವವನ್ನು ನೆನೆದು ಅರವತ್ತು ಮಾಡಿಟ್ಟುಕೊಳ್ಳುವುದು ಜಾಣತನ. ಸುಟ್ಟ ಮಣ್ಣಿನ ತೂತಿನ ಅಂಚು ಒರಟಾಗಿದ್ದು ಹೊಲಿಗೆಯ ನೂಲನ್ನು ಕೆಲವೇ ದಿನಗಳಲ್ಲಿ ಸವೆಸುವುದರಿಂದ ಮೇಣ ಹಚ್ಚಿದ ದಪ್ಪ ಹತ್ತಿದಾರವನ್ನೋ ನೈಲಾನ್ ದಾರವನ್ನೋ ಬಳಸಬೇಕು. ಎರಡು ಮಣಿಗಳ ನಡುವೆ ಗಂಟು ಹಾಕುತ್ತ ಹೋದರೆ ದಾರ ಹರಿದರೂ ಸರ ಚೆಲ್ಲಾಪಿಲ್ಲಿಯಾಗುವುದಿಲ್ಲ. ಗಂಟುಗಳೂ ಜಾಗ ತಿನ್ನುತ್ತವೆಂಬುದನ್ನು ಮಕ್ಕಳೇ ಕಂಡುಕೊಂಡು ಲೆಕ್ಕವನ್ನು ತಿದ್ದಲಿ.

ಪೋಣಿಸು ಎಂಬ ಮಾತಿಗೆ ಮರಾಠಿ ಮನೆಯ ಮಗು ‘ಓವಣೆ’ ಎಂದೀತು, ತೆಲುಗಿನ ಮಗು ‘ಗುಚ್ಚು’ ಎಂದೀತು. ಮಲಯಾಳ, ತಮಿಳುಗಳ ಮಾತು ಹಳೆಯ ಕನ್ನಡದ ‘ಕೋ’ ಧಾತುವಿನ ಬಂಧುವೇ. ಈ ಮಾತುಗಳನ್ನು ತಪ್ಪೆಂದು ತಡೆದರೆ ಮಗು ಮೌನವಾಗಿ ಪೋಣಿಸುತ್ತದೆ, ಪಾಠ ಅಲ್ಲಿಗೆ ನಿಲ್ಲುತ್ತದೆ. ಮನೆಮಾತಿನ ಪದದ ಪಕ್ಕದಲ್ಲಿ ಕನ್ನಡದ ಪದವನ್ನು ಬರೆದು, ಕೈ ಕೆಲಸ ಮಾಡುತ್ತಿರುವಾಗಲೇ ಅದನ್ನು ನಾಲ್ಕಾರು ಬಾರಿ ಕಿವಿಗೆ ಬೀಳಿಸಬೇಕು. ಎಷ್ಟೋ ಗಡಿಶಾಲೆಗಳಲ್ಲಿ ಮಗುವಿನ ಕಿವಿಗೆ ಕನ್ನಡ ಬೀಳುವುದು ಆ ಕೋಣೆಯೊಳಗೆ ಮಾತ್ರ. ಅದರಲ್ಲಿಯೂ ಹೊಸೆ, ನಾದು, ಬಸಿ, ಕದಡು, ಉಜ್ಜು ಇಂಥ ಕ್ರಿಯಾಪದಗಳು ಪಠ್ಯಪುಸ್ತಕದಲ್ಲಿ ಅಪರೂಪ. ಸರ ಮುಗಿದ ಮರುದಿನ ‘ಸೋಸಿ, ನಾದಿ, ಉರುಟಿಸಿ, ಚುಚ್ಚಿ’ ಎಂದು ಕೃದಂತಗಳನ್ನು ಕೋದು ವಿಧಾನವನ್ನು ಬರೆಯಿಸಬಹುದು. ಗಂಡುಮಕ್ಕಳು ಹಿಂಜರಿದರೆ ಎತ್ತಿನ ಕೊರಳ ಸರದಿಂದ ಆರಂಭಿಸಿದರಾಯಿತು.

ಒಡೆದ ಮಣಿಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಇಡಬೇಕು. ತೂತಿನಿಂದ ಸೀಳಿದ್ದು, ಹೊರಮೈ ಬಿರಿದದ್ದು, ಬೆಂಕಿಯಲ್ಲಿ ಸಿಡಿದದ್ದು, ವಾರದ ಮೇಲೆ ಸುಣ್ಣ ಅರಳಿ ಒಡೆದದ್ದು ಎಂದು ಮಕ್ಕಳು ಅವನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ‘ಏಕೆಂದರೆ’ ಎಂಬ ಪದವಿರುವ ಒಂದು ವಾಕ್ಯ ಬರೆಯಲಿ.