ಕಾರ್ಟ್ ಕ್ಲಚ್ ಸುಡುವುದೇಕೆ? ತಪ್ಪು ಕಲ್ಪನೆ ಮತ್ತು ಸತ್ಯ

ಗೋ-ಕಾರ್ಟ್ ಟ್ರ್ಯಾಕಿನ ಪಿಟ್‌ನಲ್ಲಿ ಸುಟ್ಟ ವಾಸನೆ ಬಂತೆಂದರೆ ತೀರ್ಪು ಹೊರಬೀಳಲು ತಡವಾಗುವುದಿಲ್ಲ: ‘ಕ್ಲಚ್ ಹೋಯ್ತು, ಹೊಸದು ಹಾಕಿ.’ ಹೊಸದು ಹಾಕಿದ ಕೆಲವೇ ದಿನಗಳಲ್ಲಿ ಮತ್ತೆ ಅದೇ ವಾಸನೆ. ಬಿಸಿ ಎನ್ನುವುದು ರೋಗವಲ್ಲ, ರೋಗದ ಲಕ್ಷಣ. ಕ್ಲಚ್ ಯಾಕೆ ಜಾರುತ್ತಿದೆ ಎಂದು ಹುಡುಕದೆ ಎಷ್ಟು ಬದಲಿಸಿದರೂ ದುಡ್ಡು ದಂಡ.

ಹಳೆಯ 100 ಸಿಸಿ ರೇಸ್ ಕಾರ್ಟ್‌ಗಳಲ್ಲಿ ಹಲವಕ್ಕೆ ಕ್ಲಚ್ಚೇ ಇರಲಿಲ್ಲ. ಗಾಡಿ ತಳ್ಳಿಯೇ ಸ್ಟಾರ್ಟ್ ಮಾಡಬೇಕಿತ್ತು. ಈಗ ಬಾಡಿಗೆ ಕಾರ್ಟ್‌ನಿಂದ ಹಿಡಿದು ರೋಟಾಕ್ಸ್ ಮ್ಯಾಕ್ಸ್ ಎಂಜಿನ್ನಿನ ರೇಸ್ ಕಾರ್ಟ್‌ವರೆಗೆ ಇರುವುದು ಸೆಂಟ್ರಿಫ್ಯೂಗಲ್ ಕ್ಲಚ್. ನಮ್ಮ ಗೇರ್‌ಲೆಸ್ ಸ್ಕೂಟರ್‌ಗಳಲ್ಲಿ ಇರುವುದೂ ಇದೇ ಜಾತಿಯದು. ಎಂಜಿನ್ ವೇಗ ಏರಿದಂತೆ ಅದರೊಳಗಿನ ಶೂಗಳು, ಅಂದರೆ ಉಜ್ಜಿ ಹಿಡಿಯುವ ತುಂಡುಗಳು, ಸ್ಪ್ರಿಂಗಿನ ಎಳೆತ ಮೀರಿ ಹೊರಕ್ಕೆ ಸರಿದು ಡ್ರಮ್ಮಿನ ಒಳಮೈಯನ್ನು ಒತ್ತುತ್ತವೆ. ಡ್ರಮ್ ತಿರುಗುತ್ತದೆ, ಚೈನ್ ಎಳೆಯುತ್ತದೆ.

ತಪ್ಪು ಕಲ್ಪನೆ: ಹೆಚ್ಚು ಸ್ಪೀಡಿನಲ್ಲಿ ಓಡಿಸಿದರೆ ಕ್ಲಚ್ ಕಾಯುತ್ತದೆ.

ಸತ್ಯ: ನೇರ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿರುವಾಗ ಶೂ ಮತ್ತು ಡ್ರಮ್ ಒಂದೇ ವೇಗದಲ್ಲಿ ತಿರುಗುತ್ತಿರುತ್ತವೆ. ಉಜ್ಜಾಟವಿಲ್ಲ, ಬಿಸಿಯೂ ಇಲ್ಲ. ಕ್ಲಚ್ ಕಾಯುವುದು ಈ ಎರಡರ ವೇಗದಲ್ಲಿ ವ್ಯತ್ಯಾಸ ಇದ್ದಾಗ ಮಾತ್ರ. ಅಂದರೆ ಸ್ಟಾರ್ಟ್‌ನಲ್ಲಿ, ನಿಧಾನದ ತಿರುವುಗಳಲ್ಲಿ. ಎಲ್ಲಕ್ಕಿಂತ ಕೆಟ್ಟದ್ದು ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡನ್ನೂ ಒಟ್ಟಿಗೆ ತುಳಿಯುವುದು. 13 ನ್ಯೂಟನ್-ಮೀಟರ್ ಟಾರ್ಕ್ ಕೊಡುವ ಎಂಜಿನ್ನನ್ನು 3000 ಆರ್‌ಪಿಎಂನಲ್ಲಿ ಹೀಗೆ ಹಿಡಿದು ನಿಲ್ಲಿಸಿದರೆ ಸುಮಾರು 4 ಕಿಲೋವ್ಯಾಟ್ ಶಾಖ ಅಂಗೈಯಗಲದ ಆ ಡ್ರಮ್ಮಿಗೇ ಇಳಿಯುತ್ತದೆ. ಸ್ನಾನದ ಮನೆಯ ಎರಡು ಗೀಸರ್‌ಗಳನ್ನು ಒಟ್ಟಿಗೆ ಹಾಕಿದಂತೆ.

ತಪ್ಪು ಕಲ್ಪನೆ: ಕ್ಲಚ್ ಜಾರುತ್ತಿದ್ದರೆ ಗಟ್ಟಿ ಸ್ಪ್ರಿಂಗ್ ಹಾಕಬೇಕು.

ಸತ್ಯ: ಪರಿಣಾಮ ಇದಕ್ಕೆ ಉಲ್ಟಾ. ಸ್ಪ್ರಿಂಗ್ ಶೂಗಳನ್ನು ಎಳೆಯುವುದು ಒಳಕ್ಕೆ. ಅದು ಗಟ್ಟಿಯಾದಷ್ಟೂ ಡ್ರಮ್ಮಿನ ಮೇಲಿನ ಒತ್ತಡ ಕಡಿಮೆ. ಶೂಗಳ ಹೊರದೂಡುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಶೂ ಡ್ರಮ್ಮಿಗೆ ತಾಗುವ ವೇಗವನ್ನು 3000ದಿಂದ 3500 ಆರ್‌ಪಿಎಂಗೆ ಏರಿಸಿದರೆ, 4500ರಲ್ಲಿ ಡ್ರಮ್ಮಿನ ಮೇಲೆ ಬೀಳುವ ಒತ್ತಡ ಸುಮಾರು ಶೇ 29ರಷ್ಟು ತಗ್ಗುತ್ತದೆ. ಜಾರುವ ಹೊತ್ತೂ ಉದ್ದವಾಗುತ್ತದೆ. ಎಂಜಿನ್ನಿನ ಟಾರ್ಕ್ ಎಲ್ಲಿ ಚೆನ್ನಾಗಿದೆಯೋ ಅದರ ಆಸುಪಾಸಿನಲ್ಲಿ ಕ್ಲಚ್ ಹಿಡಿಯಬೇಕು. ಅದಕ್ಕಿಂತ ಮೇಲೆ ಏರಿಸಿದ್ದೆಲ್ಲ ಬರಿಯ ಶಾಖ.

ತಪ್ಪು ಕಲ್ಪನೆ: ಗೇರಿಂಗಿಗೂ ಕ್ಲಚ್ಚಿಗೂ ಸಂಬಂಧವಿಲ್ಲ.

ಸತ್ಯ: ಕ್ಲಚ್ ಸುಡುವ ದೊಡ್ಡ ಕಾರಣಗಳಲ್ಲಿ ತಪ್ಪು ಗೇರಿಂಗ್ ಕೂಡ ಒಂದು. ಅಮೆರಿಕದಲ್ಲಿ ಜನಪ್ರಿಯವಾಗಿರುವ, 6100 ಆರ್‌ಪಿಎಂಗೆ ಮಿತಿ ಹಾಕಿರುವ ಬ್ರಿಗ್ಸ್ ಎಲ್‌ಒ206 ಎಂಜಿನ್ನನ್ನೇ ತೆಗೆದುಕೊಳ್ಳಿ. ಮುಂದೆ 17 ಹಲ್ಲು, ಆಕ್ಸಲ್ ಮೇಲೆ 57 ಹಲ್ಲಿನ ಸ್ಪ್ರಾಕೆಟ್, 11 ಇಂಚು ವ್ಯಾಸದ ಹಿಂದಿನ ಟೈರ್ ಇದೆ ಎಂದಿಟ್ಟುಕೊಳ್ಳಿ. ಕ್ಲಚ್ 3000ಕ್ಕೆ ಸೆಟ್ ಆಗಿದ್ದರೆ ಗಾಡಿ ಗಂಟೆಗೆ 47 ಕಿಲೋಮೀಟರ್ ಮುಟ್ಟುವವರೆಗೂ ಅದು ಜಾರುತ್ತಲೇ ಇರುತ್ತದೆ. ಟ್ರ್ಯಾಕಿನ ಹೇರ್‌ಪಿನ್ ತಿರುವನ್ನು 46ರಲ್ಲಿ ದಾಟುವವರಾದರೆ ಪ್ರತಿ ಸುತ್ತಿನಲ್ಲೂ ಅಲ್ಲಿ ಕ್ಲಚ್ ಉಜ್ಜುತ್ತದೆ. 60 ಹಲ್ಲಿನ ಸ್ಪ್ರಾಕೆಟ್ ಹಾಕಿದರೆ ಆ ಗಡಿ 45ಕ್ಕೆ ಇಳಿದು ತಿರುವಿನಲ್ಲಿ ಕ್ಲಚ್ ಪಾರಾಗುತ್ತದೆ. ಗರಿಷ್ಠ ವೇಗ 96ರಿಂದ 91ಕ್ಕೆ ಇಳಿಯುವುದು ಅದಕ್ಕೆ ತೆರುವ ಬೆಲೆ.

ತಪ್ಪು ಕಲ್ಪನೆ: ಡ್ರಮ್ ನೀಲಿಯಾದರೆ ಗುಜರಿಗೆ ಹಾಕಬೇಕು.

ಸತ್ಯ: ಉಕ್ಕು ಕಾದಾಗ ಅದರ ಮೇಲ್ಮೈಯಲ್ಲಿ ತೆಳ್ಳನೆಯ ಆಕ್ಸೈಡ್ ಪದರ ಕೂರುತ್ತದೆ. ಸುಮಾರು 220-230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಬಣ್ಣ, 280ರ ಹೊತ್ತಿಗೆ ನೇರಳೆ, 300ರ ಆಸುಪಾಸಿನಲ್ಲಿ ನೀಲಿ. ಡ್ರಮ್ ಆರಿದ ಮೇಲೂ ಬಣ್ಣ ಉಳಿಯುತ್ತದೆ. ಅದು ಹೇಳುವುದು ಎಷ್ಟು ಕಾದಿತ್ತು ಎಂಬುದನ್ನು ಮಾತ್ರ. ಡ್ರಮ್ಮಿನ ಹಣೆಬರಹ ಬೇರೆ ಕಡೆ ಇದೆ: ಒಳಮೈಯಲ್ಲಿ ಕೂದಲೆಳೆ ಬಿರುಕಿದೆಯೇ, ತಿರುಗಿಸಿದಾಗ ಓಲಾಡುತ್ತದೆಯೇ, ಬಾಯಿ ಅಗಲವಾಗಿದೆಯೇ? ಇವುಗಳಲ್ಲಿ ಒಂದಿದ್ದರೂ ತೆಗೆದು ಬಿಸಾಡಿ. ಏನೂ ಇಲ್ಲದಿದ್ದರೆ ಡ್ರಮ್ಮಿಗಿಂತ ಸ್ಪ್ರಿಂಗ್‌ಗಳ ಮೇಲೆ ಅನುಮಾನಪಡಿ. ಕಾದ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ. ಬದಲಿಸುವುದಾದರೆ ಇಡೀ ಸೆಟ್ ಬದಲಿಸಿ. ಒಂದು ಹಳೆಯದು, ಒಂದು ಹೊಸದು ಇದ್ದರೆ ಶೂಗಳು ಒಟ್ಟಿಗೆ ಹಿಡಿಯುವುದಿಲ್ಲ.

ತಪ್ಪು ಕಲ್ಪನೆ: ಬಿಸಿಯಾದ ಕ್ಲಚ್ಚಿಗೆ ನೀರು ಹೊಯ್ಯಬೇಕು, ಆಗಾಗ ಎಣ್ಣೆ ಬಿಡಬೇಕು.

ಸತ್ಯ: ಕಾದ ಡ್ರಮ್ಮಿನ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ತಾನಾಗಿ ಆರಲು ಬಿಡಿ. ಎಣ್ಣೆ ಬೇಕಿರುವುದು ಡ್ರಮ್ಮಿನ ನಡುವಿನ ಕಂಚಿನ ಬುಷ್‌ಗೆ, ಅದೂ ಒಂದು ತೊಟ್ಟು. ಹೆಚ್ಚಾದದ್ದು ತಿರುಗುವ ರಭಸಕ್ಕೆ ಸಿಡಿದು ಶೂಗಳ ಮೇಲೆ ಕೂರುತ್ತದೆ, ಕ್ಲಚ್ ಇನ್ನಷ್ಟು ಜಾರುತ್ತದೆ. ಚೈನಿಗೆ ಸ್ಪ್ರೇ ಹೊಡೆಯುವಾಗಲೂ ಡ್ರಮ್ಮಿಗೆ ಬಟ್ಟೆ ಅಡ್ಡ ಹಿಡಿಯಿರಿ. ಬುಷ್ ಬದಲು ನೀಡಲ್ ಬೇರಿಂಗ್ ಇರುವ ಕ್ಲಚ್ಚಿಗೆ ಬೇಕಿರುವುದು ಶಾಖ ತಡೆಯುವ ಗ್ರೀಸ್, ಅದೂ ತೆಳ್ಳಗೆ.

ತಪ್ಪು ಕಲ್ಪನೆ: ಐಡಲ್‌ನಲ್ಲೇ ಗಾಡಿ ಮುಂದಕ್ಕೆ ಜರುಗಿದರೆ ಐಡಲ್ ಸ್ಕ್ರೂ ತಿರುಗಿಸಿದರೆ ಸಾಕು.

ಸತ್ಯ: ಐಡಲ್ ನಿಜವಾಗಿಯೂ ಹೆಚ್ಚಿದ್ದರೆ ಸರಿ. ಇಲ್ಲದಿದ್ದರೆ ಎಂಜಿನ್ ಆಫ್ ಮಾಡಿ, ಆರಿದ ಮೇಲೆ ಚೈನ್ ಕಳಚಿ, ಡ್ರಮ್ಮನ್ನು ಬೆರಳಿನಿಂದ ತಿರುಗಿಸಿ ನೋಡಿ. ತಡೆದು ತಡೆದು ತಿರುಗಿದರೆ ಬುಷ್ ಒಣಗಿದೆ ಅಥವಾ ಕಚ್ಚಿಕೊಂಡಿದೆ. ಸರಾಗವಾಗಿ ತಿರುಗಿದರೆ ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ. ಬಿಚ್ಚಿದ ಹೊತ್ತಿಗೆ ಶೂಗಳನ್ನೂ ನೋಡಿ: ಅವುಗಳ ಮೈ ಗಾಜಿನಂತೆ ಹೊಳೆಯುತ್ತಿದ್ದರೆ, ದಪ್ಪ ಸಾಕಷ್ಟು ಉಳಿದಿದ್ದ ಪಕ್ಷದಲ್ಲಿ, ಎಮೆರಿ ಪೇಪರಿನಿಂದ ಹದವಾಗಿ ಉಜ್ಜಿ ಬ್ರೇಕ್ ಕ್ಲೀನರ್‌ನಿಂದ ಒರೆಸಬಹುದು. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ. ಎಣ್ಣೆ ಆಳಕ್ಕೆ ಹೀರಿದ ಶೂ ಉಜ್ಜಿದರೂ ಸರಿಹೋಗುವುದಿಲ್ಲ.

ಕಣ್ಣಿಗೆ ಕಾಣದ ಜಾರಾಟವನ್ನು ಟ್ಯಾಕೋಮೀಟರ್ ಹಿಡಿದುಕೊಡುತ್ತದೆ. ಕ್ಲಚ್ ಹಿಡಿದ ಮೇಲೆ ಆರ್‌ಪಿಎಂ ಮತ್ತು ಗಾಡಿಯ ವೇಗ ಜೊತೆಜೊತೆಯಾಗಿ ಏರಬೇಕು. ಎಂಜಿನ್ ಮಾತ್ರ ಕಿರುಚಿ ಗಾಡಿ ಹಿಂದುಳಿದರೆ ಅಲ್ಲಿಗೇ ಓಟ ನಿಲ್ಲಿಸಿ.

ಮುಂದಿನ ಸಲ ವಾಸನೆ ಬಂದಾಗ ಈ ಕ್ರಮದಲ್ಲಿ ನೋಡುತ್ತಾ ಬನ್ನಿ: ಮೊದಲು ಬ್ರೇಕ್ ತುಳಿಯುವ ಚಾಲಕನ ಎಡಗಾಲು, ಆಮೇಲೆ ಹಿಂದಿನ ಸ್ಪ್ರಾಕೆಟ್, ನಂತರ ಬುಷ್, ಸ್ಪ್ರಿಂಗ್, ಶೂ. ಇವೆಲ್ಲ ಸರಿ ಇದ್ದೂ ಕ್ಲಚ್ ಸುಡುತ್ತಿದ್ದರೆ ಮಾತ್ರ ಹೊಸದಕ್ಕೆ ದುಡ್ಡು ಹಾಕಿ.