ಲೆಕ್ಕಪತ್ರಕ್ಕೊಂದು ಒರೆಗಲ್ಲು

ಒಂದು ಊರಿನ ಪೇಟೆಯಲ್ಲಿ ಇಬ್ಬರು ವರ್ತಕರಿದ್ದಾರೆಂದು ಭಾವಿಸೋಣ. ಒಬ್ಬನದು ಕಿರಾಣಿ ಅಂಗಡಿ, ಮತ್ತೊಬ್ಬನದು ಚಿನ್ನ ಬೆಳ್ಳಿಯ ಅಂಗಡಿ. ವರ್ಷದ ಲೆಕ್ಕ ಮುಗಿಸಿದಾಗ ಮೊದಲನೆಯವನಿಗೆ 24,000 ರೂಪಾಯಿಯೂ ಎರಡನೆಯವನಿಗೆ 2,40,000 ರೂಪಾಯಿಯೂ ಲಾಭ ಉಳಿಯಿತು. ಇವರಲ್ಲಿ ಹಣವನ್ನು ಚೆನ್ನಾಗಿ ದುಡಿಸಿದವನು ಯಾರು? ಚಿನ್ನದ ವರ್ತಕನೆಂದು ಥಟ್ಟನೆ ಹೇಳಿಬಿಡಬಹುದು. ಆದರೆ ಕಿರಾಣಿಯವನು ಹೂಡಿದ್ದು ಒಂದು ಲಕ್ಷ, ಚಿನ್ನದವನು ಹೂಡಿದ್ದು ಹತ್ತು ಲಕ್ಷ ಎಂದು ತಿಳಿದ ಕೂಡಲೆ ಆ ಉತ್ತರ ಬಿದ್ದುಹೋಗುತ್ತದೆ. ಇಬ್ಬರಿಗೂ ನೂರಕ್ಕೆ ಇಪ್ಪತ್ತನಾಲ್ಕರಂತೆಯೇ ಲಾಭ ಬಂದಿದೆ.

ಭೌತಶಾಸ್ತ್ರವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಒಂದು ಲೋಹದ ತುಂಡು ಎರಡು ಕಿಲೋಗ್ರಾಂ ತೂಗುತ್ತದೆ ಎಂದ ಮಾತ್ರಕ್ಕೆ ಅದು ತಾಮ್ರವೋ ಸೀಸವೋ ಗೊತ್ತಾಗದು. ತೂಕವನ್ನು ಗಾತ್ರದಿಂದ ಭಾಗಿಸಿ ಸಾಂದ್ರತೆಯನ್ನು ಕಂಡುಕೊಂಡಾಗ ಲೋಹದ ಗುರುತು ಸಿಕ್ಕುತ್ತದೆ. ಹಾಗೆಯೇ ಕಂಪನಿಗಳ ಲೆಕ್ಕಪತ್ರದಲ್ಲಿಯೂ ಒಂಟಿಯಾಗಿ ನಿಂತ ಅಂಕಿ ಮೂಕ. ಅದನ್ನು ಮತ್ತೊಂದು ಅಂಕಿಯ ಪಕ್ಕದಲ್ಲಿಟ್ಟು ಭಾಗಿಸಿದಾಗ ದೊರೆಯುವುದೇ ಹಣಕಾಸಿನ ಅನುಪಾತ.

ಈ ಅಂಕಿಗಳೆಲ್ಲ ಮುಖ್ಯವಾಗಿ ಎರಡು ಪತ್ರಗಳಿಂದ ಬರುತ್ತವೆ. ಒಂದು ಅಢಾವೆ ಪತ್ರಿಕೆ. ಒಂದು ನಿಗದಿಯಾದ ದಿನದಂದು ಕಂಪನಿಯ ಬಳಿ ಏನೇನು ಆಸ್ತಿಯಿದೆ, ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕು, ಮಾಲೀಕರ ಸ್ವಂತ ಹಣವೆಷ್ಟು ಎಂಬುದನ್ನು ಇದು ಹೇಳುತ್ತದೆ. ಎರಡನೆಯದು ಲಾಭನಷ್ಟದ ಲೆಕ್ಕ. ಇದು ಇಡೀ ವರ್ಷದ ವ್ಯವಹಾರವನ್ನು ಕೂಡಿ ಕಳೆದು ತೋರಿಸುತ್ತದೆ. ಮೊದಲನೆಯದು ಕೆರೆಯಲ್ಲಿ ಇಂದು ನಿಂತಿರುವ ನೀರಿನ ಮಟ್ಟದಂತೆ. ಎರಡನೆಯದು ವರ್ಷವಿಡೀ ತೂಬಿನಿಂದ ಹರಿದುಹೋದ ನೀರಿನ ಮೊತ್ತದಂತೆ. ಆದುದರಿಂದ ಒಂದನ್ನು ಇನ್ನೊಂದರಿಂದ ಭಾಗಿಸುವಾಗ, ವರ್ಷದ ಆರಂಭದ ಮತ್ತು ಕೊನೆಯ ಆಸ್ತಿಗಳ ಸರಾಸರಿಯನ್ನು ತೆಗೆದುಕೊಳ್ಳುವುದು ಹೆಚ್ಚು ಸರಿಯಾದ ಕ್ರಮ.

ಅನುಪಾತಗಳನ್ನು ಮೊದಲು ಆಸಕ್ತಿಯಿಂದ ನೋಡತೊಡಗಿದವರು ಸಾಲ ಕೊಡುವವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಬ್ಯಾಂಕುಗಳು ತಮ್ಮಲ್ಲಿಗೆ ಬಂದ ವರ್ತಕರಿಂದ ಲೆಕ್ಕಪತ್ರಗಳನ್ನು ಕೇಳಿ ಪಡೆಯತೊಡಗಿದವು. ಬ್ಯಾಂಕಿನವನ ಪ್ರಶ್ನೆ ಸರಳವಾದುದು: ಕೊಟ್ಟ ಹಣ ಅವಧಿಗೆ ಸರಿಯಾಗಿ ಹಿಂದಿರುಗುವುದೆ? ಇದಕ್ಕಾಗಿ, ಒಂದು ವರ್ಷದೊಳಗೆ ನಗದಾಗಬಲ್ಲ ಚಾಲ್ತಿ ಆಸ್ತಿಯನ್ನು ಒಂದು ವರ್ಷದೊಳಗೆ ತೀರಿಸಬೇಕಾದ ಚಾಲ್ತಿ ಹೊಣೆಯಿಂದ ಭಾಗಿಸುವ ಪದ್ಧತಿ ಬಳಕೆಗೆ ಬಂದಿತು. ಇದಕ್ಕೆ ಚಾಲ್ತಿ ಅನುಪಾತ ಎಂದು ಹೆಸರು. ಒಂದು ರೂಪಾಯಿಯ ಹೊಣೆಗೆ ಎರಡು ರೂಪಾಯಿಯ ಆಸ್ತಿ ಇರಬೇಕೆಂಬ ಕಟ್ಟಳೆಯೂ ರೂಢಿಯಾಯಿತು.

ಆದರೆ ಚಾಲ್ತಿ ಆಸ್ತಿಯಲ್ಲಿ ಗೋದಾಮಿನ ದಾಸ್ತಾನೂ ಸೇರಿರುತ್ತದೆ. ಬಿಕರಿಯಾಗದೆ ಬಿದ್ದಿರುವ ಬಟ್ಟೆಯ ಮೂಟೆ ಲೆಕ್ಕದಲ್ಲಿ ಆಸ್ತಿಯೇ ಸರಿ; ಸಾಲಗಾರ ಬಾಗಿಲಿಗೆ ಬಂದಾಗ ಅದನ್ನು ಎಣಿಸಿಕೊಡಲಾಗದು. ಅದಕ್ಕಾಗಿ ದಾಸ್ತಾನನ್ನು ಬಿಟ್ಟು ಲೆಕ್ಕ ಹಾಕುವ ಮತ್ತೊಂದು ಅನುಪಾತವಿದೆ; ಅದನ್ನು ಆಮ್ಲಪರೀಕ್ಷೆ ಎನ್ನುತ್ತಾರೆ. ಈ ಹೆಸರು ಅಕ್ಕಸಾಲೆಯ ಕಸುಬಿನಿಂದ ಬಂದುದು. ಒರೆಗಲ್ಲಿನ ಮೇಲೆ ಎಳೆದ ಗೆರೆಗೆ ನೈಟ್ರಿಕ್ ಆಮ್ಲವನ್ನು ಸವರಿದರೆ ತಾಮ್ರ ಕರಗಿಹೋಗುತ್ತದೆ, ಚಿನ್ನ ಉಳಿಯುತ್ತದೆ. ಈ ಅನುಪಾತದಲ್ಲಿ ದಾಸ್ತಾನು ಕರಗಿಹೋಗಿ ಗಟ್ಟಿಯಾದ ಹಣವಷ್ಟೇ ಉಳಿಯುತ್ತದೆ.

ಚಾಲ್ತಿ ಅನುಪಾತದಲ್ಲಿ ಒಂದು ಗಣಿತದ ಚಮತ್ಕಾರವೂ ಅಡಗಿದೆ. ಒಂದು ಕಂಪನಿಯ ಚಾಲ್ತಿ ಆಸ್ತಿ 3 ಲಕ್ಷ, ಚಾಲ್ತಿ ಹೊಣೆ 2 ಲಕ್ಷ ಎನ್ನೋಣ, ಅನುಪಾತ 1.5. ವರ್ಷದ ಕೊನೆಯ ದಿನ ಅದು ಒಂದು ಲಕ್ಷದ ಸಾಲವನ್ನು ನಗದಿನಿಂದ ತೀರಿಸಿಬಿಡುತ್ತದೆ. ಆಸ್ತಿ 2 ಲಕ್ಷ, ಹೊಣೆ 1 ಲಕ್ಷ, ಅನುಪಾತ 2! ಕಂಪನಿಯ ಬಲ ಒಂದು ಕಾಸಿನಷ್ಟೂ ಹೆಚ್ಚಲಿಲ್ಲ, ಆದರೂ ಬ್ಯಾಂಕಿನ ಕಟ್ಟಳೆ ಪೂರೈಸಿತು. ಒಂದಕ್ಕಿಂತ ದೊಡ್ಡದಾದ ಭಿನ್ನರಾಶಿಯ ಅಂಶ, ಛೇದಗಳೆರಡರಿಂದಲೂ ಒಂದೇ ಸಂಖ್ಯೆಯನ್ನು ಕಳೆದರೆ ಅದರ ಬೆಲೆ ಏರುತ್ತದೆ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಸಾಧಿಸಿ ತೋರಿಸಬಲ್ಲ. ಚತುರ ಲೆಕ್ಕಿಗರು ಅದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಒಂದೇ ಅನುಪಾತವನ್ನು ನೆಚ್ಚಿ ಕೂರುವುದು ಸಾಲದೆಂದು ತೋರಿಸಿದವರಲ್ಲಿ ಅಲೆಗ್ಸಾಂಡರ್ ವಾಲ್ ಮುಖ್ಯನು. ಆತ 1919ರಲ್ಲಿ 981 ಸಂಸ್ಥೆಗಳ ಲೆಕ್ಕಗಳನ್ನು ಕಲೆಹಾಕಿ, ಉದ್ಯಮ ಮತ್ತು ಪ್ರದೇಶಗಳಿಗೆ ಅನುಸಾರವಾಗಿ ವಿಂಗಡಿಸಿ, ಏಳು ಅನುಪಾತಗಳನ್ನು ಹೋಲಿಸಿದನು. ಒಂದು ಉದ್ಯಮಕ್ಕೆ ಸಹಜವಾದ ಅಂಕಿ ಇನ್ನೊಂದಕ್ಕೆ ಸಹಜವಲ್ಲ. ಅಂದಂದೇ ನಗದು ಕಾಣುವ ಕಿರಾಣಿ ಅಂಗಡಿ ಕಡಿಮೆ ಚಾಲ್ತಿ ಅನುಪಾತದಲ್ಲಿಯೂ ಸುಖವಾಗಿರಬಹುದು. ಹಡಗು ಕಟ್ಟುವ ಕಾರ್ಖಾನೆಗೆ ಆ ನೆಮ್ಮದಿಯಿಲ್ಲ.

ಬ್ಯಾಂಕಿನವನು ಹೊರಗೆ ನಿಂತು ನೋಡುವವನಾದರೆ, ಅನುಪಾತಗಳನ್ನು ಒಳಗಿನಿಂದ ಬಳಸಿದ ಕೀರ್ತಿ ಅಮೆರಿಕದ ಸಿಡಿಮದ್ದಿನ ಕಂಪನಿಯಾದ ಡ್ಯುಪಾಂಟಿನದು. ಅಲ್ಲಿ ಸಿಡಿಮದ್ದು ಮಾರಲು ಸೇರಿದ ಡೊನಾಲ್ಡ್‌ಸನ್ ಬ್ರೌನ್ ಎಂಬಾತ ವಿದ್ಯುತ್ ಎಂಜಿನಿಯರಿಂಗ್ ಓದಿದವನು. 1910ರ ದಶಕದಲ್ಲಿ ಆತ ಹೂಡಿಕೆಯ ಮೇಲಿನ ಲಾಭವನ್ನು ಎರಡು ಅಂಗಗಳಾಗಿ ಬಿಡಿಸಿದನು. ಮಾರಾಟದ ಪ್ರತಿ ರೂಪಾಯಿಯಲ್ಲಿ ಉಳಿಯುವ ಲಾಭವೆಷ್ಟು ಎಂಬುದು ಒಂದು. ಹೂಡಿದ ಹಣ ವರ್ಷಕ್ಕೆ ಎಷ್ಟು ಸಲ ಸುತ್ತಿಬರುತ್ತದೆ ಎಂಬುದು ಇನ್ನೊಂದು. ಇವೆರಡರ ಗುಣಲಬ್ಧವೇ ಹೂಡಿಕೆಯ ಮೇಲಿನ ಲಾಭ.

ನಮ್ಮ ವರ್ತಕರಿಗೆ ಇದನ್ನು ಅನ್ವಯಿಸಿ ನೋಡೋಣ. ಕಿರಾಣಿಯವನು ಒಂದು ಲಕ್ಷ ಹೂಡಿ ಹನ್ನೆರಡು ಲಕ್ಷದ ವಹಿವಾಟು ಮಾಡಿದ್ದಾನೆ ಎನ್ನೋಣ. ಅವನಿಗೆ ರೂಪಾಯಿಗೆ ಎರಡೇ ಪೈಸೆ ಲಾಭ, ಆದರೆ ಹಣ ಹನ್ನೆರಡು ಸಲ ಸುತ್ತಿದೆ. ಚಿನ್ನದವನು ಹತ್ತು ಲಕ್ಷ ಹೂಡಿ ಇಪ್ಪತ್ತು ಲಕ್ಷದ ಮಾರಾಟ ಮಾಡಿದ್ದಾನೆ. ರೂಪಾಯಿಗೆ ಹನ್ನೆರಡು ಪೈಸೆ ಲಾಭ, ಸುತ್ತು ಎರಡೇ. ಎರಡು ದಾರಿಗಳೂ ಇಪ್ಪತ್ತನಾಲ್ಕನ್ನೇ ಮುಟ್ಟುತ್ತವೆ. ಮುಂದಿನ ವರ್ಷ ಲಾಭ ಕುಗ್ಗಿದರೆ ದೋಷ ಎಲ್ಲಿದೆಯೆಂದು ಹುಡುಕಲು ಈ ವಿಭಜನೆ ನೆರವಾಗುತ್ತದೆ. ಬೆಲೆ ಇಳಿದು ಪೈಸೆಯ ಲಾಭ ಕಡಿಮೆಯಾಯಿತೆ, ಇಲ್ಲವೆ ಮಾಲು ಕಪಾಟಿನಲ್ಲಿ ಹೆಚ್ಚು ದಿನ ಕುಳಿತಿತೆ? ಬ್ರೌನನು 1921ರಲ್ಲಿ ಜನರಲ್ ಮೋಟಾರ್ಸ್ ಕಂಪನಿಗೆ ಹೋದಾಗ ಈ ವಿಧಾನವನ್ನು ಜೊತೆಗೆ ಕೊಂಡೊಯ್ದನು.

ಮೂರನೆಯ ಅಂಗವೊಂದಿದೆ, ಅದೇ ಸಾಲ. ಹತ್ತು ಲಕ್ಷದ ಉದ್ಯಮ ವರ್ಷಕ್ಕೆ 1,20,000 ರೂಪಾಯಿ ಗಳಿಸುತ್ತದೆ ಎನ್ನೋಣ. ಹಣವೆಲ್ಲ ಸ್ವಂತದ್ದಾದರೆ ಲಾಭ ನೂರಕ್ಕೆ ಹನ್ನೆರಡು. ಅರ್ಧವನ್ನು ನೂರಕ್ಕೆ ಎಂಟರ ಬಡ್ಡಿಯಂತೆ ಸಾಲ ತಂದಿದ್ದರೆ 40,000 ಬಡ್ಡಿ ಕಳೆದು 80,000 ಉಳಿಯುತ್ತದೆ. ಸ್ವಂತದ ಐದು ಲಕ್ಷಕ್ಕೆ ಅದು ನೂರಕ್ಕೆ ಹದಿನಾರು! ಸನ್ನೆಗೋಲಿನಂತೆ ಸಾಲವು ಲಾಭವನ್ನು ಎತ್ತಿಹಿಡಿಯಿತು. ಆದರೆ ಮಳೆ ಕೈಕೊಟ್ಟ ಒಂದು ವರ್ಷ ಗಳಿಕೆ 30,000ಕ್ಕೆ ಇಳಿಯಿತೆಂದುಕೊಳ್ಳಿ. ಸಾಲವಿಲ್ಲದವನಿಗೆ ಆಗಲೂ ನೂರಕ್ಕೆ ಮೂರು ಸಿಕ್ಕುತ್ತದೆ. ಸಾಲ ಮಾಡಿದವನು ಕೈಯಿಂದ 10,000 ಕಟ್ಟಬೇಕಾಗುತ್ತದೆ. ಒಳ್ಳೆಯ ಕಾಲದಲ್ಲಿ ಲಾಭದ ಅನುಪಾತವನ್ನಷ್ಟೇ ಹೊಗಳುವವರು ಅದರ ಪಕ್ಕದಲ್ಲಿರುವ ಸಾಲದ ಅನುಪಾತವನ್ನು ನೋಡುವುದನ್ನು ಮರೆಯುತ್ತಾರೆ.

ಈಗ ಒಂದು ನಿಜವಾದ ಕುಸಿತವನ್ನು ಗಮನಿಸೋಣ. ಡಬ್ಲ್ಯು. ಟಿ. ಗ್ರಾಂಟ್ ಎಂಬುದು 1906ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ಅಂಗಡಿಗಳ ಕಂಪನಿ. 1970ರ ದಶಕದ ಆರಂಭದ ಹೊತ್ತಿಗೆ ಅದರ ಅಂಗಡಿಗಳ ಸಂಖ್ಯೆ ಸಾವಿರವನ್ನು ಮೀರಿತ್ತು. ವರ್ಷ ವರ್ಷವೂ ಲಾಭ ತೋರಿಸುತ್ತಿತ್ತು. 1973ರಲ್ಲಿ ಅದರ ಷೇರನ್ನು, ಷೇರೊಂದರ ಗಳಿಕೆಯ ಸುಮಾರು ಇಪ್ಪತ್ತರಷ್ಟು ಬೆಲೆ ಕೊಟ್ಟು ಜನ ಕೊಳ್ಳುತ್ತಿದ್ದರು. 1975ರ ಅಕ್ಟೋಬರಿನಲ್ಲಿ ಕಂಪನಿ ದಿವಾಳಿಯೆದ್ದಿತು. ಮರುವರ್ಷ ಅಂಗಡಿಗಳೆಲ್ಲ ಮುಚ್ಚಿದವು, ಸಾವಿರಾರು ಮಂದಿ ನೌಕರಿ ಕಳೆದುಕೊಂಡರು.

ಲಾಭ ಕಾಣುತ್ತಿದ್ದ ಕಂಪನಿ ಹೀಗೆ ಬೀಳುವುದೆಂತು? ಉದ್ರಿ ಮಾರಾಟವು ಹಣ ಕೈಗೆ ಬರುವ ಮೊದಲೇ ಲಾಭದ ಲೆಕ್ಕಕ್ಕೆ ಸೇರಿಬಿಡುತ್ತದೆ. ಗ್ರಾಂಟ್ ಅಂಗಡಿಗಳು ಗಿರಾಕಿಗಳಿಗೆ ಧಾರಾಳವಾಗಿ ಉದ್ರಿ ಕೊಟ್ಟವು. ಬರಬೇಕಾದ ಬಾಕಿಯೂ ಮಾರಾಟವಾಗದ ದಾಸ್ತಾನೂ ಬೆಳೆದವು. ಲಾರ್ಗೆ ಮತ್ತು ಸ್ಟಿಕ್ನಿ ಎಂಬ ವಿದ್ವಾಂಸರು 1980ರಲ್ಲಿ ಆ ಲೆಕ್ಕಗಳನ್ನು ಮತ್ತೆ ಬಿಡಿಸಿ ನೋಡಿದಾಗ, ಕೊನೆಯ ಹತ್ತು ವರ್ಷಗಳ ಬಹುಭಾಗದಲ್ಲಿ ವ್ಯಾಪಾರದಿಂದ ನಗದು ಬರುವ ಬದಲು ಹೊರಗೆ ಹೋಗುತ್ತಿದ್ದುದು ಕಂಡುಬಂದಿತು. ಆ ಕೊರತೆಯನ್ನು ಸಾಲದಿಂದ ತುಂಬಲಾಗುತ್ತಿತ್ತು.

ಇಂತಹ ರೋಗವನ್ನು ಹಿಡಿಯುವ ಒಂದು ಅಳತೆ ಬಹಳ ಸುಲಭವಾದುದು. ವರ್ಷದ ಉದ್ರಿ ಮಾರಾಟ 73 ಲಕ್ಷವಾದರೆ ದಿನಕ್ಕೆ 20,000. ಬರಬೇಕಾದ ಬಾಕಿ 8 ಲಕ್ಷವಿದ್ದರೆ ಅದು ನಲವತ್ತು ದಿನಗಳ ಮಾರಾಟ. ಮುಂದಿನ ವರ್ಷ ಅದೇ ಅರವತ್ತು ದಿನ, ಆಮೇಲೆ ತೊಂಬತ್ತು ದಿನವಾದರೆ, ಲಾಭದ ಅಂಕಿ ಎಷ್ಟೇ ಸುಂದರವಾಗಿರಲಿ, ಕಾರಣವನ್ನು ಕೇಳಲೇಬೇಕು.

ಗ್ರಾಂಟ್ ಬೀಳುವ ಮೊದಲೇ ಇಂತಹ ಮುನ್ಸೂಚನೆಯ ಬಗ್ಗೆ ಸಂಶೋಧನೆ ನಡೆದಿತ್ತು ಎಂಬುದು ಸ್ವಾರಸ್ಯದ ಸಂಗತಿ. ವಿಲಿಯಂ ಬೀವರ್ 1966ರಲ್ಲಿ, ಸೋತ 79 ಕಂಪನಿಗಳನ್ನು ಅವಕ್ಕೆ ಸಾಟಿಯಾದ, ಸೋಲದ 79 ಕಂಪನಿಗಳೊಡನೆ ಹೋಲಿಸಿದನು. ನಗದಿನ ಹರಿವನ್ನು ಒಟ್ಟು ಸಾಲದಿಂದ ಭಾಗಿಸಿ ಬರುವ ಅನುಪಾತವೇ ಎಲ್ಲಕ್ಕಿಂತ ಚೆನ್ನಾಗಿ ಸೋಲನ್ನು ಮುಂಗಂಡಿತ್ತು. 1968ರಲ್ಲಿ ಎಡ್ವರ್ಡ್ ಆಲ್ಟ್‌ಮನ್ 66 ತಯಾರಿಕಾ ಕಂಪನಿಗಳನ್ನು ಪರೀಕ್ಷಿಸಿ, ಐದು ಅನುಪಾತಗಳಿಗೆ ಬೇರೆ ಬೇರೆ ತೂಕ ಕೊಟ್ಟು ಕೂಡಿಸಿ, ಜೆಡ್ ಅಂಕ ಎಂಬ ಒಂದೇ ಸಂಖ್ಯೆಯನ್ನು ರೂಪಿಸಿದನು. 2.99ಕ್ಕಿಂತ ಮೇಲಿದ್ದರೆ ಕ್ಷೇಮ, 1.81ಕ್ಕಿಂತ ಕೆಳಗಿದ್ದರೆ ಅಪಾಯ, ನಡುವಿನದು ಸಂಶಯದ ಪ್ರದೇಶ. ಸೋಲಿಗೆ ಒಂದು ವರ್ಷ ಮುಂಚಿನ ಲೆಕ್ಕಗಳಿಂದ ಅದು ನೂರಕ್ಕೆ 95ರಷ್ಟು ಸರಿಯಾಗಿ ವಿಂಗಡಿಸಿತು. ಎರಡು ವರ್ಷ ಹಿಂದಕ್ಕೆ ಹೋದಾಗ 72ಕ್ಕೆ ಇಳಿಯಿತು. ದೂರ ಹೆಚ್ಚಿದಂತೆ ನೋಟ ಮಸುಕಾಗುವುದು ಸ್ವಾಭಾವಿಕವೇ.

ಭಾರತದಲ್ಲಿ 2021ರ ಮಾರ್ಚಿನಲ್ಲಿ ಕಂಪನಿ ಕಾಯಿದೆಯ ಮೂರನೆಯ ಅನುಸೂಚಿಯನ್ನು ತಿದ್ದಿ, ಹನ್ನೊಂದು ಅನುಪಾತಗಳನ್ನು ವಾರ್ಷಿಕ ಲೆಕ್ಕದೊಡನೆಯೇ ಪ್ರಕಟಿಸಬೇಕೆಂದು ವಿಧಿಸಲಾಯಿತು. ಹಿಂದಿನ ವರ್ಷಕ್ಕಿಂತ ನೂರಕ್ಕೆ 25ರ ಮೇಲೆ ವ್ಯತ್ಯಾಸವಾಗಿದ್ದರೆ ಕಾರಣವನ್ನೂ ಹೇಳಬೇಕು. ಆಸಕ್ತಿಯುಳ್ಳ ವಿದ್ಯಾರ್ಥಿ ಯಾವುದಾದರೂ ದೊಡ್ಡ ಕಂಪನಿಯ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಇವನ್ನು ಹುಡುಕಿ, ಸ್ವತಃ ಭಾಗಾಕಾರ ಮಾಡಿ ತಾಳೆ ನೋಡಬಹುದು.

ಆದರೆ ಭಾಗಾಕಾರಕ್ಕೆ ಮೂಲ ಅಂಕಿಯ ಸತ್ಯಾಸತ್ಯ ತಿಳಿಯದು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪನಿಯ ಅಧ್ಯಕ್ಷನು 2009ರ ಜನವರಿ 7ರಂದು ತನ್ನ ನಿರ್ದೇಶಕ ಮಂಡಲಿಗೆ ಒಂದು ಪತ್ರ ಬರೆದು, ಲೆಕ್ಕಗಳು ವರ್ಷಗಳಿಂದ ಸುಳ್ಳಾಗಿದ್ದುವೆಂದು ಒಪ್ಪಿಕೊಂಡನು. ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. 2008ರ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳ ವರಮಾನ 2,700 ಕೋಟಿ, ವ್ಯವಹಾರದ ಲಾಭ 649 ಕೋಟಿ ಎಂದು ತೋರಿಸಲಾಗಿತ್ತು, ನೂರಕ್ಕೆ 24. ಪತ್ರದ ಪ್ರಕಾರ ನಿಜವಾದ ವರಮಾನ 2,112 ಕೋಟಿ, ಲಾಭ 61 ಕೋಟಿ, ನೂರಕ್ಕೆ 3.

ವಾಚಕರು ಪೆನ್ಸಿಲ್ ಹಿಡಿದು ಕಳೆದು ನೋಡಲಿ. 2,700ರಿಂದ 2,112 ಕಳೆದರೆ 588. 649ರಿಂದ 61 ಕಳೆದರೂ 588. ಸುಳ್ಳು ವರಮಾನಕ್ಕೆ ಸಂಬಳವಿಲ್ಲ, ಬಾಡಿಗೆಯಿಲ್ಲ. ಆದುದರಿಂದ ಅದು ಇಡಿಯಾಗಿ ಲಾಭದ ಸಾಲಿಗೆ ಇಳಿಯಿತು. ಅಷ್ಟು ಲಾಭಕ್ಕೆ ಪ್ರತಿಯಾಗಿ ಆಸ್ತಿಯ ಬದಿಯಲ್ಲಿ ಏನಾದರೂ ಇರಲೇಬೇಕಲ್ಲ? ಆ ಮೂರು ತಿಂಗಳಲ್ಲಿ ಇಲ್ಲದ ನಗದು ಹೆಚ್ಚಿದ್ದೂ ಅದೇ 588 ಕೋಟಿ. ಅಢಾವೆ ಪತ್ರಿಕೆಯ ಎರಡು ಬದಿಗಳೂ ಸರಿಹೊಂದಿದುವು, ಆಮ್ಲಪರೀಕ್ಷೆಯ ಅನುಪಾತವೂ ಉಜ್ವಲವಾಗಿ ಹೊಳೆಯಿತು. ಅಷ್ಟು ಹಣ ಖಾತೆಯಲ್ಲಿ ಉಂಟೋ ಇಲ್ಲವೋ ಎಂಬುದಕ್ಕೆ ಬ್ಯಾಂಕಿನಿಂದಲೇ ನೇರವಾಗಿ ಪಡೆದ ಉತ್ತರವೊಂದೇ ಸಾಕ್ಷಿಯಾಗಬಹುದಾಗಿತ್ತು.